ಮಾಡೆಲ್ ಚೆಕರ್ ಕೊಟ್ಟ ಸಂಖ್ಯೆ ಸರಿಯಿಲ್ಲವೇ? ಸಂಭವನೀಯ ಮಾಡೆಲ್‌ಗಳ ದೋಷ ನಿವಾರಣೆ ಕೈಪಿಡಿ

ಸಾಮಾನ್ಯ ಪ್ರೋಗ್ರಾಂನಲ್ಲಿ ತಪ್ಪಿದ್ದರೆ ಅದು ಎಲ್ಲೋ ಒಂದು ಕಡೆ ಮುಗ್ಗರಿಸುತ್ತದೆ. ಎರರ್ ಬರುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಸಂಭವನೀಯ ಮಾಡೆಲ್ (ಸಿಸ್ಟಂ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಎಷ್ಟು ಸಂಭವನೀಯತೆಯಿಂದ ಹೋಗುತ್ತದೆ ಎಂಬ ವಿವರಣೆ) ಹಾಗಲ್ಲ. ನೀವು ಏನು ಬರೆದುಕೊಟ್ಟರೂ ಮಾಡೆಲ್ ಚೆಕರ್, ಅಂದರೆ ಮಾಡೆಲ್ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಟೂಲ್, ಅದನ್ನು ನಂಬುತ್ತದೆ, ಲೆಕ್ಕ ಹಾಕುತ್ತದೆ, 0.3095 ಅಂತ ಅಚ್ಚುಕಟ್ಟಾದ ಸಂಖ್ಯೆಯೊಂದನ್ನು ಮುಂದಿಡುತ್ತದೆ. ಆ ಸಂಖ್ಯೆ ನಿಮ್ಮ ಮನಸ್ಸಿನಲ್ಲಿದ್ದ ಸಿಸ್ಟಂನದ್ದೋ, ನೀವು ಕೈತಪ್ಪಿ ಬರೆದ ಬೇರೊಂದು ಸಿಸ್ಟಂನದ್ದೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ದೋಷ ಹುಡುಕುವುದೆಂದರೆ ಹೆಚ್ಚಿನ ಪಾಲು ಒಂದೇ ಕೆಲಸ: ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಅದೇ ಮಾಡೆಲ್‌ಗೆ ಕೇಳುತ್ತಾ ಹೋಗುವುದು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಪ್ರಿಸಂ ಎಂಬ ಚೆಕರ್ ಬಳಸಿ ಕಲಿಯುತ್ತಿರುವವರಿಗೆ. ಸ್ಟಾರ್ಮ್ ಎಂಬ ಇನ್ನೊಂದು ಚೆಕರ್ ಕೂಡ ಪ್ರಿಸಂ ಭಾಷೆಯ ಮಾಡೆಲ್‌ಗಳನ್ನು ಓದುತ್ತದೆ, ಆದ್ದರಿಂದ ಬಹುಪಾಲು ಅಲ್ಲಿಗೂ ಹೊಂದುತ್ತದೆ. ಮೂರು ಬಗೆಯ ಮಾಡೆಲ್‌ಗಳ ಪರಿಚಯ ನಿಮಗಿದೆ ಎಂದುಕೊಂಡಿದ್ದೇನೆ: ಹೆಜ್ಜೆ ಹೆಜ್ಜೆಯಾಗಿ ನಡೆಯುವ ಡಿಟಿಎಂಸಿ (ಡಿಸ್ಕ್ರೀಟ್ ಟೈಮ್ ಮಾರ್ಕೋವ್ ಚೈನ್), ಅದಕ್ಕೆ ಆಯ್ಕೆಗಳೂ ಸೇರಿದ ಎಂಡಿಪಿ (ಮಾರ್ಕೋವ್ ಡಿಸಿಷನ್ ಪ್ರೊಸೆಸ್), ನಿಜವಾದ ಕಾಲ ಓಡುವ ಸಿಟಿಎಂಸಿ (ಕಂಟಿನ್ಯುಯಸ್ ಟೈಮ್ ಮಾರ್ಕೋವ್ ಚೈನ್).

ಮೊದಲು ಟೂಲ್ ಮೇಲಿನ ಅನುಮಾನ ಕಳೆದುಕೊಳ್ಳಿ

ಇನ್‌ಸ್ಟಾಲ್ ಸರಿಯಾಗಿದೆಯೇ, ಪ್ರಶ್ನೆ ಬರೆಯುವ ರೀತಿ ಸರಿಯಿದೆಯೇ ಎಂದು ನೋಡಲು ಒಂದು ಪುಟ್ಟ ಮಾಡೆಲ್ ಕೈಯಲ್ಲಿರಲಿ. ನನ್ನ ಆಯ್ಕೆ 1976ರಲ್ಲಿ ಡೊನಾಲ್ಡ್ ಕ್ನೂತ್ ಮತ್ತು ಆಂಡ್ರ್ಯೂ ಯಾವೋ ಕೊಟ್ಟ ದಾಳದ ವಿಧಾನ. ನಾಣ್ಯ ಮಾತ್ರ ಚಿಮ್ಮುತ್ತಾ ಆರು ಮುಖದ ದಾಳವನ್ನು ಅನುಕರಿಸುವುದು ಹೇಗೆ ಎಂಬುದು ಅದರ ವಿಷಯ.

ಸ್ಥಿತಿ 0ರಿಂದ ಶುರು. ಪ್ರತಿ ಸಲವೂ ಅರ್ಧ ಅರ್ಧ. 0ರಿಂದ 1 ಅಥವಾ 2ಕ್ಕೆ, 1ರಿಂದ 3 ಅಥವಾ 4ಕ್ಕೆ, 2ರಿಂದ 5 ಅಥವಾ 6ಕ್ಕೆ. ಸ್ಥಿತಿ 3ರಲ್ಲಿ ಒಂದು ಕಡೆ ಬಿದ್ದರೆ ವಾಪಸ್ 1ಕ್ಕೆ, ಇನ್ನೊಂದು ಕಡೆ ಬಿದ್ದರೆ ದಾಳದ ಮುಖ ಒಂದು. ಸ್ಥಿತಿ 4ರಲ್ಲಿ ಮುಖ ಎರಡು ಅಥವಾ ಮೂರು, 5ರಲ್ಲಿ ನಾಲ್ಕು ಅಥವಾ ಐದು. ಸ್ಥಿತಿ 6ರಲ್ಲಿ ವಾಪಸ್ 2ಕ್ಕೆ ಅಥವಾ ಮುಖ ಆರು. ಮುಖ ಸಿಕ್ಕ ಮೇಲೆ ಅಲ್ಲೇ ಸುತ್ತುತ್ತಿರಬೇಕು.

ಇದನ್ನು ಸರಿಯಾಗಿ ಬರೆದರೆ 13 ಸ್ಥಿತಿ, 20 ಟ್ರಾನ್ಸಿಷನ್ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ದಾರಿ) ಬರುತ್ತವೆ. ಪ್ರತಿ ಮುಖದ ಸಂಭವನೀಯತೆ 1/6. ನಾಣ್ಯ ಚಿಮ್ಮುವ ಸರಾಸರಿ ಸಂಖ್ಯೆ 11/3, ಅಂದರೆ ಸುಮಾರು 3.667. ಕೈಯಲ್ಲೇ ಲೆಕ್ಕ ಹಾಕಬಹುದು: ಸ್ಥಿತಿ 1 ಅಥವಾ 2ರಿಂದ ಎರಡು ಸಲ ಚಿಮ್ಮಿದರೆ ಮುಗಿಯುತ್ತದೆ, ಕಾಲು ಭಾಗ ಸಲ ಅದೇ ಜಾಗಕ್ಕೆ ವಾಪಸ್. ಹಾಗಾಗಿ ಅಲ್ಲಿಂದ ಸರಾಸರಿ 8/3, ಮೊದಲನೆಯ ಚಿಮ್ಮು ಸೇರಿಸಿದರೆ 11/3.

ಮುಂದಿನ ಮುಖ್ಯ ದೋಷಗಳನ್ನು ಈ ದಾಳದಲ್ಲೇ ಬೇಕೆಂದು ಹುಟ್ಟಿಸಿ ತೋರಿಸುತ್ತೇನೆ. ನೀವೂ ಮಾಡಿ ನೋಡಿ. ದೊಡ್ಡ ಮಾಡೆಲ್‌ನಲ್ಲಿ ಅದೇ ಲಕ್ಷಣ ಕಂಡಾಗ ಥಟ್ಟನೆ ಗುರುತು ಸಿಗುತ್ತದೆ.

ಲಕ್ಷಣ: ಸರಾಸರಿ ವೆಚ್ಚ ಅನಂತ, ಅಥವಾ ಸಂಭವನೀಯತೆಗಳ ಮೊತ್ತ 1ಕ್ಕಿಂತ ಕಡಿಮೆ

ದಾಳದ ಮಾಡೆಲ್‌ನಿಂದ ಸ್ಥಿತಿ 6ರ ಕಮಾಂಡ್ (ಯಾವ ಷರತ್ತಿನಲ್ಲಿ ಎಲ್ಲಿಗೆ ಹೋಗಬೇಕು ಎಂದು ಹೇಳುವ ಸಾಲು) ಅಳಿಸಿಹಾಕಿ. ಈಗ ರನ್ ಮಾಡಿದರೆ ಮುಖ ಒಂದು, ಎರಡು, ಮೂರಕ್ಕೆ ಮೊದಲಿನಂತೆ 1/6 ಬರುತ್ತದೆ. ನಾಲ್ಕು, ಐದಕ್ಕೆ 1/8. ಆರಕ್ಕೆ ಸೊನ್ನೆ. ಎಲ್ಲ ಸೇರಿ 0.75. ಸ್ಥಿತಿಗಳು 13ರ ಬದಲು 12. ಪ್ರತಿ ಚಿಮ್ಮಿಗೂ ಒಂದು ವೆಚ್ಚ ಎಂದಿಟ್ಟುಕೊಂಡು ನಾಣ್ಯದ ಸರಾಸರಿ ಕೇಳಿದರೆ ಅನಂತ.

ಆಗಿರುವುದು ಇಷ್ಟೇ. ಸ್ಥಿತಿ 6ರಿಂದ ಹೊರಗೆ ಹೋಗುವ ದಾರಿಯೇ ಇಲ್ಲ, ಅದು ಡೆಡ್‌ಲಾಕ್. ಪ್ರಿಸಂ ಇಂಥ ಸ್ಥಿತಿ ಕಂಡರೆ ಕೆಲಸ ನಿಲ್ಲಿಸುವುದಿಲ್ಲ. ಅಲ್ಲಿಗೆ ತಾನೇ ಒಂದು ಸುತ್ತು (ಅದೇ ಸ್ಥಿತಿಗೆ ವಾಪಸ್ ಬರುವ ದಾರಿ) ಸೇರಿಸಿ, ಒಂದು ವಾರ್ನಿಂಗ್ ಬರೆದು, ಮುಂದೆ ಹೋಗುತ್ತದೆ. ಆ ಸಾಲನ್ನು ಓದುವವರು ಕಮ್ಮಿ. ಕೊನೆಯ ಮುಖದ ಸ್ಥಿತಿಗಳಿಗೆ ನೀವು ಸುತ್ತು ಬರೆಯದೆ ಬಿಟ್ಟಿದ್ದರೂ ಇದೇ ವಾರ್ನಿಂಗ್ ಬರುತ್ತದೆ, ಅಲ್ಲಿ ಮಾತ್ರ ಅದರಿಂದ ಏನೂ ಕೆಡುವುದಿಲ್ಲ. ತೊಂದರೆ ಇರುವುದು ಇಲ್ಲೇ: ಕೆಡುಕಿಲ್ಲದ ವಾರ್ನಿಂಗ್ ದಿನಾ ನೋಡಿ ಅಭ್ಯಾಸವಾದವರು ಕೆಡಿಸುವ ವಾರ್ನಿಂಗನ್ನೂ ದಾಟಿಬಿಡುತ್ತಾರೆ. ಹಾಗಾಗಿ ಮುಕ್ತಾಯದ ಸ್ಥಿತಿಗಳಿಗೆ ಸುತ್ತನ್ನು ನೀವೇ ಬರೆಯಿರಿ. ಆಮೇಲೆ ಬರುವ ಪ್ರತಿ ಡೆಡ್‌ಲಾಕ್ ವಾರ್ನಿಂಗ್ ನಿಜವಾದ ದೂರು ಅಂತ ತಿಳಿಯಬಹುದು. ಡೆಡ್‌ಲಾಕ್ ತಿದ್ದುವುದನ್ನೇ ಆಫ್ ಮಾಡುವ ಆಯ್ಕೆಯೂ ಇದೆ.

ಯಾವ ಸ್ಥಿತಿ ಎಂದು ಹುಡುಕಲು ಕಣ್ಣಲ್ಲಿ ಕೋಡ್ ಓದಬೇಡಿ. ಪ್ರಿಸಂನಲ್ಲಿ ಡೆಡ್‌ಲಾಕ್ ಎಂಬ ಲೇಬಲ್ ತಾನಾಗಿಯೇ ಇರುತ್ತದೆ. ಸುತ್ತು ಸೇರಿಸಿ ಸರಿಪಡಿಸಿದ ಸ್ಥಿತಿಗಳಿಗೂ ಅದು ಅಂಟಿಕೊಂಡಿರುತ್ತದೆ. ಫಿಲ್ಟರ್ ಪ್ರಿಂಟ್ ಬಳಸಿ ಆ ಲೇಬಲ್ ಇರುವ ಸ್ಥಿತಿಗಳನ್ನೆಲ್ಲ ಪಟ್ಟಿ ಮಾಡಿಸಿ. ವೇರಿಯಬಲ್‌ಗಳ ಬೆಲೆ ಸಮೇತ ಬರುತ್ತದೆ. ಒಂದೆರಡನ್ನು ನೋಡಿದರೆ ಸಾಕು, ಯಾವ ಷರತ್ತು ಬಿಟ್ಟುಹೋಗಿದೆ ಅಂತ ತಿಳಿಯುತ್ತದೆ.

ಡೆಡ್‌ಲಾಕ್ ಇಲ್ಲದೆಯೂ ಸರಾಸರಿ ಅನಂತ ಬರಬಹುದು. ಗುರಿ ತಲುಪುವ ಸಂಭವನೀಯತೆ 1ಕ್ಕಿಂತ ಚೂರು ಕಡಿಮೆ ಇದ್ದರೂ ಗುರಿಯವರೆಗಿನ ವೆಚ್ಚ ಅನಂತ ಎಂದೇ ವ್ಯಾಖ್ಯೆ. ತಲುಪದೇ ಉಳಿದ ದಾರಿಗಳಲ್ಲಿ ವೆಚ್ಚ ಕೂಡದಿದ್ದರೂ ಅಷ್ಟೇ. ಎಂಡಿಪಿಯಲ್ಲಿ ಗರಿಷ್ಠ ವೆಚ್ಚ ಕೇಳಿದಾಗ, ಗುರಿ ತಪ್ಪಿಸುವ ಒಂದೇ ಒಂದು ತಂತ್ರ (ಆಯ್ಕೆಗಳನ್ನು ಮಾಡುವ ರೀತಿ) ಇದ್ದರೂ ಅನಂತ. ಕನಿಷ್ಠ ಕೇಳಿದಾಗ, ಗುರಿಯನ್ನು ಖಚಿತವಾಗಿ ತಲುಪುವ ತಂತ್ರವೇ ಇಲ್ಲದಿದ್ದರೆ ಅನಂತ. ಆದ್ದರಿಂದ ವೆಚ್ಚ ಕೇಳುವ ಮೊದಲು ತಲುಪುವ ಸಂಭವನೀಯತೆಯನ್ನೇ ಕೇಳಿ.

ಲಕ್ಷಣ: ಮೊತ್ತ 1, ಸ್ಥಿತಿಗಳೂ ಸರಿ, ಉತ್ತರ ಮಾತ್ರ ವಿಚಿತ್ರ

ಇದು ಎಲ್ಲಕ್ಕಿಂತ ಕಾಡುವ ದೋಷ. ಇಲ್ಲಿ ಸ್ವಲ್ಪ ನಿಲ್ಲೋಣ.

ದಾಳದಲ್ಲಿ ಸ್ಥಿತಿ 4ರ ಕಮಾಂಡ್‌ಗೆ ‘ಸ್ಥಿತಿ 4ಕ್ಕೆ ಸಮ’ ಎಂದು ಬರೆಯುವ ಬದಲು ‘4 ಅಥವಾ ಹೆಚ್ಚು, 7ಕ್ಕಿಂತ ಕಡಿಮೆ’ ಎಂದು ಬರೆದಿರಿ ಅನ್ನಿ. ಸ್ಥಿತಿ 5 ಮತ್ತು 6ರ ಕಮಾಂಡ್‌ಗಳು ಹಾಗೇ ಇವೆ. ಈಗ 5ರಲ್ಲಿ ಎರಡು ಕಮಾಂಡ್ ತೆರೆದಿರುತ್ತವೆ, 6ರಲ್ಲೂ ಎರಡು. ಎರರ್ ಬರುವುದಿಲ್ಲ. ಸ್ಥಿತಿಗಳು 13 ಇವೆ. ಎಲ್ಲ ಮುಖಗಳ ಮೊತ್ತ ಸರಿಯಾಗಿ 1. ಆದರೆ ಮುಖ ಎರಡು ಮತ್ತು ಮೂರು ತಲಾ 13/42, ಅಂದರೆ 0.3095. ನಾಲ್ಕು, ಐದು, ಆರು ತಲಾ 1/14, ಅಂದರೆ 0.0714. ಒಂದು ಮಾತ್ರ 1/6ರಲ್ಲೇ ಉಳಿದಿದೆ.

ಡಿಟಿಎಂಸಿಯಲ್ಲಿ ಆಯ್ಕೆಗೆ ಜಾಗವಿಲ್ಲ. ಒಂದೇ ಸ್ಥಿತಿಯಲ್ಲಿ ಹಲವು ಕಮಾಂಡ್ ತೆರೆದಿದ್ದರೆ ಪ್ರಿಸಂ ಅವನ್ನು ಸಮಪಾಲು ಮಾಡಿ ಬೆರೆಸುತ್ತದೆ. ಎರಡಿದ್ದರೆ ಅರ್ಧ ಅರ್ಧ, ಮೂರಿದ್ದರೆ ಮೂರನೇ ಒಂದು. ಒಂದೇ ಮಾಡ್ಯೂಲ್‌ನಲ್ಲಿರಲಿ, ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿರಲಿ, ಇದೇ ನಿಯಮ (ಮಾಡ್ಯೂಲ್ ಎಂದರೆ ಮಾಡೆಲ್ ಒಳಗಿನ ಒಂದು ಬಿಡಿ ಘಟಕ). ನೀವು ಎಲ್ಲೂ ಬರೆಯದ ಸಂಭವನೀಯತೆ ಹೀಗೆ ಸದ್ದಿಲ್ಲದೆ ಒಳಗೆ ಬರುತ್ತದೆ.

ಹಿಡಿಯುವ ಉಪಾಯ ಸುಲಭ. ಫೈಲಿನ ಮೊದಲ ಪದವನ್ನು ಡಿಟಿಎಂಸಿಯಿಂದ ಎಂಡಿಪಿಗೆ ಬದಲಾಯಿಸಿ. ಬೇರೇನೂ ಮುಟ್ಟಬೇಡಿ. ಈಗ ಅದೇ ಪ್ರಶ್ನೆಯನ್ನು ಗರಿಷ್ಠ ಮತ್ತು ಕನಿಷ್ಠ, ಎರಡೂ ಬಗೆಯಲ್ಲಿ ಕೇಳಿ. ನಿಮ್ಮ ಮಾಡೆಲ್‌ನಲ್ಲಿ ನಿಜಕ್ಕೂ ಆಯ್ಕೆ ಇಲ್ಲದಿದ್ದರೆ ಎರಡೂ ಒಂದೇ ಬರಬೇಕು, ಅಲ್ವಾ? ಮೇಲಿನ ಕೆಟ್ಟ ದಾಳದಲ್ಲಿ ಮುಖ ಆರಕ್ಕೆ ಗರಿಷ್ಠ 1/6, ಕನಿಷ್ಠ 0 ಬರುತ್ತದೆ. ಸ್ಥಿತಿ 6ಕ್ಕೆ ಬಂದಾಗಲೆಲ್ಲ ತಪ್ಪು ಕಮಾಂಡನ್ನೇ ಆರಿಸಿದರೆ ಆರು ಬೀಳುವುದೇ ಇಲ್ಲ. ಎರಡರ ನಡುವೆ ಅಂತರ ಕಂಡರೆ ಎಲ್ಲೋ ಷರತ್ತುಗಳು ಒಂದರ ಮೇಲೊಂದು ಬಿದ್ದಿವೆ ಎಂದೇ ಅರ್ಥ.

ಒಂದು ಎಚ್ಚರ. ಕೆಲವೊಮ್ಮೆ ಷರತ್ತುಗಳು ಮೇಲೆ ಬಿದ್ದಿದ್ದರೂ ನೀವು ಕೇಳಿದ ಪ್ರಶ್ನೆಗೆ ಅದು ತಟ್ಟುವುದಿಲ್ಲ. ಇದೇ ಉದಾಹರಣೆಯಲ್ಲಿ ಮುಖ ಒಂದನ್ನು ಮಾತ್ರ ಕೇಳಿದ್ದರೆ ಎರಡೂ 1/6 ಬಂದು ನೀವು ನೆಮ್ಮದಿಯಾಗಿ ಮುಂದೆ ಹೋಗುತ್ತಿದ್ದಿರಿ. ಹಲವು ಗುರಿಗಳಿಗೆ ಕೇಳಿ ನೋಡಿ.

ಎಂಡಿಪಿಯಾಗಿಯೇ ಬರೆದ ಮಾಡೆಲ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಅಂತರ ಸಹಜ. ಅಲ್ಲಿ ಸಿಮ್ಯುಲೇಟರ್ ತೆರೆದು ಒಂದೊಂದೇ ಹೆಜ್ಜೆ ಇಡಿ. ಪ್ರತಿ ಸ್ಥಿತಿಯಲ್ಲಿ ಎಷ್ಟು ಆಯ್ಕೆ ತೋರಿಸುತ್ತಿದೆ, ಅಷ್ಟು ಇರಬೇಕೇ ಎಂದು ನೋಡಿ. ಬೇಸರದ ಕೆಲಸ, ಆದರೆ ಇಪ್ಪತ್ತು ಹೆಜ್ಜೆ ನಡೆದರೆ ಬಹಳಷ್ಟು ತಪ್ಪು ಕಣ್ಣಿಗೆ ಬೀಳುತ್ತವೆ.

ಎಂಡಿಪಿಯಲ್ಲಿ ಗರಿಷ್ಠ, ಕನಿಷ್ಠಗಳನ್ನು ಅದಲು ಬದಲು ಮಾಡುವುದೂ ಸಾಮಾನ್ಯ. ಕೆಟ್ಟದ್ದು ಆಗುವ ಸಂಭವನೀಯತೆ ಎಷ್ಟು ಎಂದು ತಿಳಿಯಬೇಕಾದರೆ ಗರಿಷ್ಠ ಕೇಳಬೇಕು. ಕನಿಷ್ಠ ಕೇಳಿದರೆ ಅದೃಷ್ಟ ನಿಮ್ಮ ಕಡೆಗಿದ್ದಾಗಿನ ಉತ್ತರ ಬರುತ್ತದೆ, ಸಿಸ್ಟಂ ಸುಮ್ನೆ ಸುರಕ್ಷಿತವಾಗಿ ಕಾಣುತ್ತದೆ. ಒಳ್ಳೆಯದಕ್ಕೆ ಇದು ತಿರುಗುಮುರುಗು.

ಲಕ್ಷಣ: ಒಂದು ಮಾಡ್ಯೂಲ್ ಅಲ್ಲಾಡುವುದೇ ಇಲ್ಲ

ಸಾಮಾನ್ಯವಾಗಿ ಇದು ಆಕ್ಷನ್ ಹೆಸರಿನ, ಅಂದರೆ ಕಮಾಂಡ್ ಮೊದಲಿಗೆ ಚೌಕ ಆವರಣದಲ್ಲಿ ಬರೆಯುವ ಹೆಸರಿನ ತೊಂದರೆ. ಒಂದು ಆಕ್ಷನ್ ಹೆಸರು ಯಾವ ಯಾವ ಮಾಡ್ಯೂಲ್‌ಗಳಲ್ಲಿ ಕಾಣುತ್ತದೋ ಅವೆಲ್ಲ ಒಟ್ಟಿಗೆ ಒಪ್ಪಿದರೆ ಮಾತ್ರ ಅದು ನಡೆಯುತ್ತದೆ. ಒಬ್ಬರ ಷರತ್ತು ಎಂದೂ ನಿಜವಾಗದಿದ್ದರೆ ಎಲ್ಲರೂ ಕೂತುಬಿಡುತ್ತಾರೆ. ಮೂರನೇ ಮಾಡ್ಯೂಲ್‌ನಲ್ಲಿ ಹಳೆಯ ಕಮಾಂಡ್ ಒಂದು ಉಳಿದುಕೊಂಡಿದ್ದರೂ ಸಾಕು, ಅದು ಇಡೀ ಆಕ್ಷನ್‌ಗೆ ತಡೆಯಾಗುತ್ತದೆ.

ಇದಕ್ಕೆ ಉಲ್ಟಾ ಇನ್ನೂ ಕೆಟ್ಟದ್ದು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಅವು ಎರಡು ಬೇರೆ ಆಕ್ಷನ್‌ಗಳು. ಕಳಿಸುವವನು ಕಳಿಸುತ್ತಾನೆ, ತೆಗೆದುಕೊಳ್ಳಬೇಕಾದವನು ತನಗೆ ಬೇಕಾದಾಗ ತಾನೇ ತೆಗೆದುಕೊಳ್ಳುತ್ತಾನೆ, ಇಬ್ಬರಿಗೂ ಸಂಬಂಧವಿಲ್ಲ. ಡೆಡ್‌ಲಾಕ್ ಇಲ್ಲ, ಎರರ್ ಇಲ್ಲ. ಇದಕ್ಕೆ ಕೇಳಬೇಕಾದ ಪ್ರಶ್ನೆ: ಕಳಿಸದೆಯೇ ತಲುಪಿದ ಸ್ಥಿತಿಗೆ ಹೋಗುವ ಸಂಭವನೀಯತೆ ಎಷ್ಟು? ಸೊನ್ನೆ ಬರಬೇಕು.

ಅಪ್‌ಡೇಟ್ ಬಗ್ಗೆ ಒಂದು ಮಾತು. ಒಂದೇ ಕಮಾಂಡ್‌ನಲ್ಲಿ ಎಕ್ಸ್ ಒಂದು ಹೆಚ್ಚಾಗಲಿ, ವೈಗೆ ಎಕ್ಸ್ ಹೋಗಲಿ ಎಂದು ಬರೆದರೆ ವೈಗೆ ಹೋಗುವುದು ಹಳೆಯ ಎಕ್ಸ್. ಎಲ್ಲ ಅಪ್‌ಡೇಟ್ ಒಟ್ಟಿಗೆ ನಡೆಯುತ್ತವೆ, ಮೇಲಿಂದ ಕೆಳಗೆ ಅಲ್ಲ. ಪ್ರೋಗ್ರಾಂ ಬರೆದು ಅಭ್ಯಾಸ ಇರುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಇನ್ನೊಂದು, ಎಣಿಕೆ ವೇರಿಯಬಲ್ ಮಿತಿ ಮೀರಿ ಎರರ್ ಬಂತೆಂದು ಮಿನ್ (ಎರಡರಲ್ಲಿ ಚಿಕ್ಕದನ್ನು ಆರಿಸುವ ಫಂಕ್ಷನ್) ಹಾಕಿ ಬಾಯಿ ಮುಚ್ಚಿಸಬೇಡಿ. ಮಿತಿ ಮೀರುವುದು ಯಾಕೆ ಎಂಬುದೇ ಪ್ರಶ್ನೆ. ಮಿನ್ ಹಾಕಿದರೆ ಎರರ್ ಹೋಗುತ್ತದೆ, ತುಂಬಿ ಹರಿಯುವ ಕ್ಯೂ ಎಂದೂ ಉಕ್ಕಿ ಹರಿಯದಂತೆ ಕಾಣುತ್ತದೆ.

ಸಂಭವನೀಯತೆಗಳ ಮೊತ್ತ 0.99 ಎಂಬ ಎರರ್‌ಗೆ ಹೆಚ್ಚು ಹೇಳಬೇಕಿಲ್ಲ. 0.33 ಎಂದು ಮೂರು ಸಲ ಬರೆದಿರುತ್ತೀರಿ. 1/3 ಎಂದು ಬರೆಯಿರಿ.

ಲಕ್ಷಣ: ಹೆಜ್ಜೆಗಳ ಲೆಕ್ಕ ಅಥವಾ ವೆಚ್ಚ ನಿರೀಕ್ಷೆಗಿಂತ ಬೇರೆ

‘ಹತ್ತು ಹೆಜ್ಜೆಯೊಳಗೆ’ ಎಂದು ಕೇಳಿದಾಗ ಡಿಟಿಎಂಸಿ ಮತ್ತು ಎಂಡಿಪಿಯಲ್ಲಿ ಒಂದು ಹೆಜ್ಜೆ ಎಂದರೆ ಇಡೀ ಮಾಡೆಲ್‌ನ ಒಂದು ಟ್ರಾನ್ಸಿಷನ್. ಮೂರು ಮಾಡ್ಯೂಲ್‌ಗಳು ಆಕ್ಷನ್ ಹೆಸರಿಲ್ಲದೆ ತಮ್ಮಷ್ಟಕ್ಕೆ ನಡೆಯುತ್ತಿದ್ದರೆ, ಎಲ್ಲರೂ ಒಂದೊಂದು ಸಲ ನಡೆಯಲು ಕನಿಷ್ಠ ಮೂರು ಹೆಜ್ಜೆ ಬೇಕು. ಹತ್ತು ಸುತ್ತು ಎಂದುಕೊಂಡು ಹತ್ತು ಹೆಜ್ಜೆ ಕೇಳಿದರೆ ಉತ್ತರ ತೀರಾ ಕಮ್ಮಿ ಬರುತ್ತದೆ. ಗಡಿಯಾರದ ಹಾಗೆ ಎಲ್ಲರೂ ಒಟ್ಟಿಗೆ ನಡೆಯಬೇಕಾದರೆ ಎಲ್ಲ ಮಾಡ್ಯೂಲ್‌ಗೂ ಒಂದೇ ಆಕ್ಷನ್ ಹೆಸರು ಕೊಡಿ.

ವೆಚ್ಚದಲ್ಲಿ ಕಾಡುವುದು ಮೂರು ಸಂಗತಿ. ಗುರಿಯವರೆಗಿನ ವೆಚ್ಚ ಕೇಳಿದಾಗ ಗುರಿ ಸ್ಥಿತಿಯ ವೆಚ್ಚ ಸೇರುವುದಿಲ್ಲ. ಒಂದು ಕಮ್ಮಿ ಬರುತ್ತಿದೆ ಎಂದು ತಲೆ ಕೆಡಿಸಿಕೊಂಡವರಿಗೆ ಹೆಚ್ಚಾಗಿ ಇದೇ ಕಾರಣ. ಎರಡನೆಯದು, ಖಾಲಿ ಚೌಕ ಆವರಣ ಹಾಕಿ ಬರೆದ ಟ್ರಾನ್ಸಿಷನ್ ವೆಚ್ಚ ಹೆಸರಿಲ್ಲದ ಟ್ರಾನ್ಸಿಷನ್‌ಗಳಿಗೆ ಮಾತ್ರ. ನಾಣ್ಯ ಚಿಮ್ಮುವ ಕಮಾಂಡ್‌ಗೆ ಆಮೇಲೆ ಒಂದು ಹೆಸರು ಕೊಟ್ಟರೆ ಸರಾಸರಿ 11/3 ಇದ್ದದ್ದು ಥಟ್ಟನೆ ಸೊನ್ನೆಗೆ ಬೀಳುತ್ತದೆ. ಮೂರನೆಯದು, ಅದೇ ಸ್ಥಿತಿ ವೆಚ್ಚವನ್ನು ಸಿಟಿಎಂಸಿಯಲ್ಲಿ ಬಳಸಿದರೆ ಅದು ಎಷ್ಟು ಸಲ ಬಂದಿರಿ ಎಂದು ಎಣಿಸುವುದಿಲ್ಲ, ಎಷ್ಟು ಹೊತ್ತು ಇದ್ದಿರಿ ಎಂದು ಅಳೆಯುತ್ತದೆ.

ಎಂಡಿಪಿಯಲ್ಲಿ ಕನಿಷ್ಠ ವೆಚ್ಚ ಅನುಮಾನ ಬರುವಷ್ಟು ಕಮ್ಮಿ ಇದ್ದರೆ ವೆಚ್ಚವೇ ಇಲ್ಲದ ಸುತ್ತುಗಳಿವೆಯೇ ನೋಡಿ. ಅಲ್ಲಿ ಸುತ್ತುತ್ತಾ ಕೂತರೆ ಬಿಟ್ಟಿ. ಉತ್ತರ ನಿಜಕ್ಕಿಂತ ಕಮ್ಮಿ ಇರಬಹುದು ಎಂದು ಪ್ರಿಸಂ ವಾರ್ನಿಂಗ್ ಕೊಡುವುದೂ ಉಂಟು. ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಹೆಜ್ಜೆ ಮಿತಿಯ ಪ್ರಶ್ನೆಗಳಿಗೆ ಒಂದು ಅಗ್ಗದ ಪರೀಕ್ಷೆ ಇದೆ. ಮಿತಿಯನ್ನು 0ರಿಂದ 50ರವರೆಗೆ ಏರಿಸುತ್ತಾ ಗ್ರಾಫ್ ಹಾಕಿಸಿ. ‘ಇಷ್ಟರೊಳಗೆ ತಲುಪುವ ಸಂಭವನೀಯತೆ’ ಎಂದೂ ಇಳಿಯಬಾರದು. ಮಿತಿ ದೊಡ್ಡದಾದಂತೆ ಮಿತಿ ಇಲ್ಲದ ಉತ್ತರದ ಹತ್ತಿರ ಬರಬೇಕು. ದಾಳದಲ್ಲಿ ಮಿತಿ 2ರವರೆಗೆ ಸೊನ್ನೆ, 3ರಲ್ಲಿ ಯಾವುದೇ ಮುಖಕ್ಕೆ 1/8. ಎರಡು ಸಲ ಚಿಮ್ಮಿಯೇ ಮುಖ ಸಿಕ್ಕರೆ ಯಾವುದೋ ಸ್ಥಿತಿ ಹಾರಿಹೋಗಿದೆ.

ಸಿಟಿಎಂಸಿ ಮಾತ್ರಕ್ಕೆ ಇರುವ ತೊಂದರೆಗಳು

ದರ ಮತ್ತು ಸರಾಸರಿ ಕಾಲ ಒಂದೇ ಅಲ್ಲ. ಸರಾಸರಿ ಹತ್ತು ಗಂಟೆಗೆ ಒಂದು ಸಲ ಕೆಡುವ ಯಂತ್ರದ ದರ 0.1. ಹತ್ತು ಗಂಟೆಯೊಳಗೆ ಕೆಡುವ ಸಂಭವನೀಯತೆ ಸುಮಾರು 0.632 ಬರಬೇಕು. 1ರ ಹತ್ತಿರ ಏನೋ ಬಂದರೆ ದರದ ಜಾಗದಲ್ಲಿ 10 ಬರೆದಿದ್ದೀರಿ. ಗಂಟೆ, ನಿಮಿಷ ಬೆರೆತುಹೋದರೂ ಈ ಪರೀಕ್ಷೆಯಲ್ಲೇ ಸಿಗುತ್ತದೆ. ಒಂದೇ ಘಟಕ ಇಟ್ಟು ಉಳಿದದ್ದನ್ನೆಲ್ಲ ತೆಗೆದು ಕೇಳಿ.

ಎರಡು ಮಾಡ್ಯೂಲ್ ಒಟ್ಟಿಗೆ ನಡೆಯುವ ಆಕ್ಷನ್‌ಗೆ ದರಗಳ ಗುಣಲಬ್ಧ ಬರುತ್ತದೆ. ಎರಡೂ ಕಡೆ 5 ಬರೆದರೆ 25. ಒಂದು ಕಡೆ ದರ ಬರೆದು ಇನ್ನೊಂದು ಕಡೆ 1 ಬಿಡುವುದು ರೂಢಿ. ಈ ರೂಢಿ ಮುರಿದ ಮಾಡೆಲ್‌ಗಳನ್ನು ನಾನು ಓದಲು ಶುರು ಮಾಡುವ ಮೊದಲೇ ಅನುಮಾನಿಸುತ್ತೇನೆ. ಷರತ್ತುಗಳು ಒಂದರ ಮೇಲೊಂದು ಬಿದ್ದರೆ ಇಲ್ಲಿ ಸಮಪಾಲು ಆಗುವುದಿಲ್ಲ, ಪೈಪೋಟಿ ಶುರುವಾಗುತ್ತದೆ. ಒಂದೇ ಕಮಾಂಡನ್ನು ಎರಡು ಸಲ ಅಂಟಿಸಿದರೆ ದರ ಎರಡರಷ್ಟಾಗುತ್ತದೆ.

ಲೆಕ್ಕ ಮುಗಿಯುವುದೇ ಇಲ್ಲ ಎಂದಾದರೆ ದರಗಳ ಹರವು ನೋಡಿ. ಕಾಲ ಮಿತಿಯ ಪ್ರಶ್ನೆಗೆ ಬೇಕಾಗುವ ಲೆಕ್ಕದ ಸುತ್ತುಗಳು ಎಲ್ಲಕ್ಕಿಂತ ದೊಡ್ಡ ದರ ಮತ್ತು ಕಾಲದ ಗುಣಲಬ್ಧದಷ್ಟು ಬೆಳೆಯುತ್ತವೆ. ಸೆಕೆಂಡಿಗೆ ಲಕ್ಷ ಸಲ ಆಗುವ ಒಂದು ಚಿಕ್ಕ ಘಟನೆ, ಜೊತೆಗೆ ಒಂದು ವರ್ಷದ ಮಿತಿ. ಎರಡೂ ಒಂದೇ ಮಾಡೆಲ್‌ನಲ್ಲಿದ್ದರೆ ಟೂಲ್ ಬೆವರುತ್ತದೆ. ಆ ಚಿಕ್ಕ ಘಟನೆ ನಿಮ್ಮ ಪ್ರಶ್ನೆಗೆ ಬೇಕೇ ಬೇಕೇ ಎಂದು ಯೋಚಿಸಿ.

ಲಕ್ಷಣ: ಕೊನೆಯ ಅಂಕಿಗಳು ಸರಿಯಿಲ್ಲ, ಅಥವಾ ಉತ್ತರವೇ ದೂರ

ದಾಳದಲ್ಲಿ ಸರಿಯಾದ ಉತ್ತರ 1/6, ಅಂದರೆ 0.1666666 ಹೀಗೆ ಆರುಗಳ ಸಾಲು. ಟೂಲ್ 0.1666665077 ತೋರಿಸಬಹುದು. ತಪ್ಪು ಮಾಡೆಲ್‌ನದ್ದಲ್ಲ. ಉತ್ತರ 1/8, ಆಮೇಲೆ 1/32, ಆಮೇಲೆ 1/128 ಹೀಗೆ ಕೂಡುತ್ತಾ ಹೋಗುತ್ತದೆ. ಹತ್ತು ಪದ ಕೂಡಿ ನಿಲ್ಲಿಸಿದರೆ ನಿಖರವಾಗಿ ಈ ಸಂಖ್ಯೆ ಬರುತ್ತದೆ. ಲೆಕ್ಕ ಸುತ್ತು ಸುತ್ತಾಗಿ ನಡೆಯುತ್ತದೆ, ಎರಡು ಸುತ್ತುಗಳ ನಡುವಿನ ವ್ಯತ್ಯಾಸ ಒಂದು ಮಿತಿಗಿಂತ ಕಮ್ಮಿಯಾದಾಗ ನಿಲ್ಲುತ್ತದೆ. ಪ್ರಿಸಂನಲ್ಲಿ ಆ ಮಿತಿ ಮೊದಲಿಗೆ 0.000001, ಅದೂ ಸಾಪೇಕ್ಷ ವ್ಯತ್ಯಾಸ (ಬೆಲೆಯ ಎಷ್ಟನೇ ಭಾಗ ಬದಲಾಯಿತು ಎಂಬುದು). ಸುತ್ತುಗಳ ಗರಿಷ್ಠ ಸಂಖ್ಯೆ 10,000.

ವ್ಯತ್ಯಾಸ ಚಿಕ್ಕದಾಯಿತು ಎಂದರೆ ಉತ್ತರ ಹತ್ತಿರ ಬಂತು ಎಂದಲ್ಲ. ಇದನ್ನು ನಂಬದವರು ಈ ಮಾಡೆಲ್ ಬರೆದು ನೋಡಿ. ಒಂದು ಸಾಲಿನಲ್ಲಿ ಸ್ಥಿತಿಗಳು. ನಡುವಿನಿಂದ ಶುರು. ಬಲ ತುದಿ ಗುರಿ, ಎಡ ತುದಿ ಬಲೆ, ಎರಡೂ 20 ಹೆಜ್ಜೆ ದೂರ. ನಡುವಿನಿಂದ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಬೇರೆ ಯಾವ ಸ್ಥಿತಿಯಲ್ಲಿದ್ದರೂ ಅರ್ಧ ಸಲ ತುದಿಯ ಕಡೆಗೆ ಒಂದು ಹೆಜ್ಜೆ, ಇನ್ನರ್ಧ ಸಲ ಸೀದಾ ನಡುವಿಗೆ ವಾಪಸ್. ಎರಡೂ ಬದಿ ಒಂದೇ ಥರ ಇರುವುದರಿಂದ ಗುರಿ ತಲುಪುವ ಸಂಭವನೀಯತೆ 0.5. ಕಾಗದ ಪೆನ್ನೂ ಬೇಡ.

ಈಗ ಈ ಸುತ್ತು ಸುತ್ತಿನ ಲೆಕ್ಕ, ಅಂದರೆ ವ್ಯಾಲ್ಯೂ ಇಟರೇಷನ್, ಏನು ಮಾಡುತ್ತದೆ ನೋಡಿ. ಎಲ್ಲ ಸೊನ್ನೆಯಿಂದ ಶುರು. ಮೊದಲ ಸುತ್ತಿನಲ್ಲಿ ಗುರಿಯ ಪಕ್ಕದ ಸ್ಥಿತಿಗೆ 1/2, ಎರಡನೆಯದರಲ್ಲಿ ಅದರ ಪಕ್ಕದ್ದಕ್ಕೆ 1/4, ಹೀಗೆ ಪ್ರತಿ ಸುತ್ತಿಗೂ ಬದಲಾವಣೆ ಅರ್ಧವಾಗುತ್ತದೆ. ಇಪ್ಪತ್ತನೇ ಸುತ್ತಿನಲ್ಲಿ ಬದಲಾವಣೆ 10,48,576ರಲ್ಲಿ ಒಂದು ಭಾಗ. ನೇರ ವ್ಯತ್ಯಾಸವನ್ನು 0.000001ಕ್ಕೆ ಹೋಲಿಸುವಂತೆ ಹೊಂದಿಸಿದ್ದರೆ ಲೆಕ್ಕ ಇಲ್ಲಿಗೆ ಮುಗಿಯಿತು. ನಡುವಿನ ಸ್ಥಿತಿಯ ಉತ್ತರ ಹೆಚ್ಚು ಕಡಿಮೆ ಸೊನ್ನೆ. 0.5 ಇರಬೇಕಾದ ಕಡೆ! ಸಾಪೇಕ್ಷ ವ್ಯತ್ಯಾಸ ಇಟ್ಟುಕೊಂಡರೆ ಇಷ್ಟು ಬೇಗ ಮೋಸ ಹೋಗುವುದಿಲ್ಲ. ಆದರೆ 10,000 ಸುತ್ತು ಮುಗಿದು ಎರರ್ ಬರುತ್ತದೆ. ಆಗ ಎಲ್ಲರೂ ಮಾಡುವುದು ಸುತ್ತಿನ ಮಿತಿ ಏರಿಸುವುದು. ಎರರ್ ಮಾಯವಾಗುತ್ತದೆ, ಆದರೂ 0.5ರ ಹತ್ತಿರ ಬರುವ ಮೊದಲೇ ಲೆಕ್ಕ ನಿಲ್ಲುತ್ತದೆ. ನನ್ನ ಕೇಳಿದರೆ ಆ ಎರರ್ ಇದ್ದದ್ದೇ ವಾಸಿ.

ಈ ದೌರ್ಬಲ್ಯವನ್ನು ಸರ್ಜ್ ಹದ್ದಾದ್ ಮತ್ತು ಬೆಂಜಮಿನ್ ಮೊನ್‌ಮೆಜ್ 2014ರಲ್ಲಿ ಬಿಡಿಸಿ ತೋರಿಸಿದರು. ಅದರಿಂದ ಬಂದ ಮದ್ದು ಇಂಟರ್ವಲ್ ಇಟರೇಷನ್. ಕೆಳಗಿನಿಂದ ಒಂದು ಲೆಕ್ಕ, ಮೇಲಿನಿಂದ ಒಂದು ಲೆಕ್ಕ, ಎರಡೂ ಹತ್ತಿರ ಬಂದಾಗ ಮಾತ್ರ ನಿಲ್ಲುವುದು. ಪ್ರಿಸಂನಲ್ಲಿ ಅದನ್ನು ಆನ್ ಮಾಡಬಹುದು. ಸ್ಟಾರ್ಮ್‌ನಲ್ಲಿ ಸೌಂಡ್ ಎಂಬ ಆಯ್ಕೆ ಇದೆ. ಮಾಡೆಲ್ ಚಿಕ್ಕದಿದ್ದರೆ ಎರಡರಲ್ಲೂ ಎಕ್ಸಾಕ್ಟ್ ಮೋಡ್ ಬಳಸಿ, ಭಿನ್ನರಾಶಿಯಲ್ಲೇ ಉತ್ತರ ಬರುತ್ತದೆ: 1/6 ಎಂದರೆ 1/6. ಕಲಿಯುವಾಗ ಎಕ್ಸಾಕ್ಟ್ ಮೋಡನ್ನೇ ಮೊದಲ ಆಯ್ಕೆ ಮಾಡಿಕೊಳ್ಳುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ವೇಗ ಆಮೇಲೆ ನೋಡಿಕೊಳ್ಳಬಹುದು.

ಇದೇ ಬೇರಿನಿಂದ ಹುಟ್ಟುವ ಇನ್ನೊಂದು ದೋಷ ಗಡಿಯ ಹೋಲಿಕೆ. ದಾಳದಲ್ಲಿ ‘ಮುಖ ಆರರ ಸಂಭವನೀಯತೆ 1/6 ಅಥವಾ ಹೆಚ್ಚು’ ಎಂದು ಕೇಳಿದರೆ, 0.1666665077 ಸಿಕ್ಕ ಟೂಲ್ ಸುಳ್ಳು ಎನ್ನುತ್ತದೆ. ನಿಜಕ್ಕೂ ಅದು ಸತ್ಯ. ಇಂಥ ಹೋಲಿಕೆ ಇನ್ನೊಂದು ಪ್ರಶ್ನೆಯ ಒಳಗೆ ಕೂತಿದ್ದರೆ ಗತಿ ಇನ್ನೂ ಕಷ್ಟ. ಒಳಗಿನ ಹೌದು ಅಲ್ಲಗಳಲ್ಲಿ ಒಂದು ತಿರುಗಿದರೆ ಹೊರಗಿನ ಉತ್ತರ ಕೊನೆಯ ಅಂಕಿಯಲ್ಲಿ ಅಲ್ಲ, ಬುಡದಿಂದಲೇ ಬದಲಾಗುತ್ತದೆ. ಒಳಗಿನ ಪ್ರಶ್ನೆಯನ್ನು ಬೇರೆಯಾಗಿ, ಸಂಖ್ಯೆ ಕೇಳುವ ರೂಪದಲ್ಲಿ ರನ್ ಮಾಡಿ. ಯಾವ ಸ್ಥಿತಿಯಾದರೂ ಗಡಿಗೆ ಅಂಟಿಕೊಂಡಿದೆಯೇ ನೋಡಿ.

ಲಕ್ಷಣ: ಮೆಮೊರಿ ಸಾಲದು

ನಾಲ್ಕು ಸ್ಥಿತಿಯ ಹತ್ತು ಘಟಕಗಳು ಸೇರಿದರೆ 10,48,576 ಸ್ಥಿತಿಗಳಾಗಬಹುದು. ಬೇಡದ ಎಣಿಕೆ ವೇರಿಯಬಲ್ ಒಂದನ್ನು ಸೇರಿಸಿದರೆ ಅದರ ಹರವಿನಷ್ಟು ಗುಣಿಸಿಕೊಳ್ಳಿ. ಎಂಜಿನ್ (ಟೂಲ್ ಒಳಗೆ ಮಾಡೆಲನ್ನು ಇಟ್ಟು ಲೆಕ್ಕ ಹಾಕುವ ವಿಧಾನ) ಬದಲಿಸುವ ಮೊದಲು ಮಾಡೆಲ್ ಇಳಿಸಲು ನೋಡಿ: ಗುರಿ ತಲುಪಿದ ಮೇಲೂ ಬದಲಾಗುತ್ತಿರುವ ವೇರಿಯಬಲ್‌ಗಳನ್ನು ಸೊನ್ನೆಗೆ ತನ್ನಿ, 0ರಿಂದ 1000 ಎಂದು ಸುಮ್ನೆ ಬರೆದ ಹರವು ನಿಜಕ್ಕೂ 12 ಇದ್ದರೆ 12 ಮಾಡಿ.

ಎಂಜಿನ್ ವಿಷಯಕ್ಕೆ ಬಂದರೆ, ಒಂದೇ ಥರದ ಘಟಕಗಳು ಬಹಳ ಇರುವ ಕ್ರಮಬದ್ಧ ಮಾಡೆಲ್‌ಗೆ ಎಂಟಿಬಿಡಿಡಿ (ಒಂದೇ ಥರದ ಭಾಗಗಳನ್ನು ಹಂಚಿಕೊಂಡು ಒತ್ತಿಡುವ ನಿರ್ಣಯ ಚಿತ್ರ, ಬಿಡಿಡಿಯ ಒಂದು ಬಗೆ) ಹೊಂದುತ್ತದೆ. ಹರವು ದೊಡ್ಡದು ಆದರೆ ನಿಜಕ್ಕೂ ತಲುಪುವ ಸ್ಥಿತಿ ಕೆಲವೇ ಎಂದಾದರೆ ಎಕ್ಸ್‌ಪ್ಲಿಸಿಟ್ (ಒಂದೊಂದೇ ಸ್ಥಿತಿಯನ್ನು ಪಟ್ಟಿ ಮಾಡುವುದು). ಎಂಟಿಬಿಡಿಡಿಯಲ್ಲಿ ವೇರಿಯಬಲ್‌ಗಳನ್ನು ಬರೆದ ಕ್ರಮವೂ ಗಾತ್ರ ಬದಲಿಸುತ್ತದೆ, ಒಂದಕ್ಕೊಂದು ಸಂಬಂಧ ಇರುವುದನ್ನು ಹತ್ತಿರ ಇಡಿ. ಮೆಮೊರಿ ಎರರ್ ಬಂದಾಗ ಜಾವಾದ ಮಿತಿ ಮುಟ್ಟಿದೆಯೋ, ಬಿಡಿಡಿ ಲೈಬ್ರರಿಯ ಮಿತಿಯೋ ಎಂದು ಓದಿ. ಎರಡನ್ನೂ ಬೇರೆ ಬೇರೆ ಕಡೆ ಏರಿಸಬೇಕು.

ಲಕ್ಷಣ: ಸಿಮ್ಯುಲೇಷನ್ ಒಂದು ಹೇಳುತ್ತದೆ, ಪೂರ್ಣ ಲೆಕ್ಕ ಇನ್ನೊಂದು

ಮೊದಲು ಅಂತರ ನಿಜವಾದದ್ದೇ ಎಂದು ತೀರ್ಮಾನಿಸಿ. 0.01ರೊಳಗಿನ ನಿಖರತೆ, 95% ಭರವಸೆ ಬೇಕಾದರೆ ಸಾಮಾನ್ಯವಾಗಿ ಬಳಸುವ ಹೋಫ್ಡಿಂಗ್ ಮಿತಿಯ ಪ್ರಕಾರ ಸುಮಾರು 18,445 ಓಟಗಳು (ಸಿಮ್ಯುಲೇಷನ್ ರನ್‌ಗಳು) ಬೇಕು. ನಿಖರತೆ ಹತ್ತು ಪಟ್ಟು ಬೇಕಾದರೆ ಓಟಗಳು ನೂರು ಪಟ್ಟು. ನೂರು ಓಟ ಓಡಿಸಿ ಎರಡನೇ ದಶಮಾಂಶದಲ್ಲಿ ವ್ಯತ್ಯಾಸ ಕಂಡಿತೆಂದು ದೋಷ ಹುಡುಕುವುದು ಸಮಯ ಹಾಳು. ಕೋಟಿಗೊಂದು ಸಲ ಆಗುವ ಘಟನೆಯನ್ನು ಸಿಮ್ಯುಲೇಷನ್ ಸೊನ್ನೆ ಎಂದರೂ ಅದರಲ್ಲಿ ಆಶ್ಚರ್ಯವಿಲ್ಲ.

ಅಂತರ ನಿಜವಾದರೆ ಮಾಡೆಲ್ ಬಗೆ ನೋಡಿ. ಎಂಡಿಪಿಯಲ್ಲಿ ಓಟ ಓಡಿಸುವಾಗ ಆಯ್ಕೆಗಳನ್ನು ಯಾರೋ ಒಬ್ಬರು ಮಾಡಲೇಬೇಕು. ಸಮಪಾಲಿನಲ್ಲಿ ಆರಿಸಿದರೆ ಬರುವ ಸರಾಸರಿ ಗರಿಷ್ಠವೂ ಅಲ್ಲ, ಕನಿಷ್ಠವೂ ಅಲ್ಲ, ನಡುವೆ ಎಲ್ಲೋ ಒಂದು ಕಡೆ. ಅದನ್ನು ಗರಿಷ್ಠದ ಜೊತೆ ಹೋಲಿಸಿ ಟೂಲ್ ತಪ್ಪು ಎನ್ನಲಾಗದು. ಡಿಟಿಎಂಸಿ ಆಗಿದ್ದೂ ಅಂತರ ಉಳಿದರೆ ಓಟದ ಉದ್ದದ ಮಿತಿ ನೋಡಿ. ಗುರಿ ತಲುಪುವ ಮೊದಲೇ ಓಟಗಳು ಕತ್ತರಿಸಿಹೋಗುತ್ತಿರಬಹುದು. ಅದೂ ಅಲ್ಲದಿದ್ದರೆ ಪೂರ್ಣ ಲೆಕ್ಕವನ್ನು ಎಕ್ಸಾಕ್ಟ್ ಮೋಡ್‌ನಲ್ಲಿ ಮತ್ತೆ ಓಡಿಸಿ. ಮಾಡೆಲ್ ದೊಡ್ಡದಾಗಿ ಅದು ಆಗದಿದ್ದರೆ ಘಟಕಗಳ ಸಂಖ್ಯೆಯನ್ನು ಎರಡಕ್ಕೆ ಇಳಿಸಿ, ಎರಡೂ ವಿಧಾನ ಒಪ್ಪುತ್ತವೆಯೇ ನೋಡಿ, ಆಮೇಲೆ ಮೂರು, ನಾಲ್ಕು ಎಂದು ಏರಿಸುತ್ತಾ ಬನ್ನಿ. ಎಲ್ಲಿ ಒಪ್ಪಂದ ಮುರಿಯುತ್ತದೋ ಆ ಗಾತ್ರದ ಮಾಡೆಲನ್ನೇ ಹಿಡಿದುಕೊಂಡು ಸುತ್ತಿನ ಮಿತಿ, ಹೋಲಿಕೆಯ ಬಗೆ, ಓಟದ ಉದ್ದ ಇವುಗಳನ್ನು ಒಂದೊಂದಾಗಿ ಬದಲಿಸಿ.